ಡಬ್ಬದಲ್ಲಿ ಸಿಕ್ಕ ಕ್ಯಾಮ್ ಯಾವುದು? ಹಳೆ ಬುಲೆಟ್ ಬಿಚ್ಚಿ ಕೂತವರಿಗೆ ಒಂದು ಹೋಲಿಕೆ

ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಮೂರು ಕ್ಯಾಮ್, ಅಂದರೆ ತಿರುಗುತ್ತ ಎಂಜಿನ್ನಿನ ವಾಲ್ವನ್ನು ತೆರೆಯುವ, ಒಂದು ಕಡೆ ಮೂಗಿನಂತೆ ಚಾಚಿದ ಉಕ್ಕಿನ ಬಿಲ್ಲೆಗಳು. ಗ್ರೀಸ್ ಬಳಿದು ಹಳೆ ಪೇಪರಿನಲ್ಲಿ ಸುತ್ತಿಟ್ಟಿದ್ದರು. ಮಾವನ ಎಪ್ಪತ್ತರ ದಶಕದ 350 ಬುಲೆಟ್ ನನ್ನ ಪಾಲಿಗೆ ಬಂದಾಗ ಜೊತೆಗೆ ಬಂದ ಬಳುವಳಿ ಅದು. ಎಂಜಿನ್ನಿನ ಒಳಗೆ ಇನ್ನೊಂದು ಜೋಡಿ ಬೇರೆ ಇತ್ತು. ಮಾವನನ್ನು ಕೇಳಿದರೆ, "ಅದರಲ್ಲಿ ಒಂದು ಭಾರೀ ಕ್ಯಾಮ್ ಕಣೋ, ಶೋಲಾವರಂ ರೇಸಿಗೆ ಹೋಗ್ತಿದ್ದ ಹುಡುಗ ಯಾರೋ ಕೊಟ್ಟಿದ್ದು" ಅಂದರು. ಯಾವುದು ಎಂದರೆ ನೆನಪಿಲ್ಲ.

ಬುಲೆಟ್ ಬಿಚ್ಚಿದವರಿಗೆಲ್ಲ ಒಂದಲ್ಲ ಒಂದು ದಿನ ಈ ತಲೆನೋವು ಬಂದೇ ಬರುತ್ತದೆ. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಹುಟ್ಟಿದ ಎಂಜಿನ್ ಇದು. ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದದ್ದು 1955ರಲ್ಲಿ. ಅಲ್ಲಿಂದ ನಾಲ್ಕೂವರೆ ದಶಕಕ್ಕೂ ಹೆಚ್ಚು ಕಾಲ ಅದೇ ಎರಕದ ಕಬ್ಬಿಣದ ಬ್ಯಾರಲ್, ಅದೇ ಬಲಗಡೆಯ ಟೈಮಿಂಗ್ ಪೆಟ್ಟಿಗೆ, ಅದರೊಳಗೆ ಗಾಳಿ-ಪೆಟ್ರೋಲು ಒಳಬಿಡುವ ಇಂಟೇಕ್ ವಾಲ್ವಿಗೊಂದು, ಹೊಗೆ ಹೊರಬಿಡುವ ಎಗ್ಸಾಸ್ಟ್ ವಾಲ್ವಿಗೊಂದು ಬೇರೆ ಬೇರೆ ಕ್ಯಾಮ್. ಕಂಪನಿ ಮಾಲು, ಹೊರಗಿನ ಮಾಲು, ಲೇತ್ ಅಂಗಡಿಯಲ್ಲಿ ಮತ್ತೆ ಉಜ್ಜಿಸಿದ್ದು, ಎಲ್ಲವೂ ಅದೇ ಜಾಗಕ್ಕೆ ಹೋಗಿ ಕೂರುತ್ತವೆ. ಕೂತಿತು ಎಂದ ಮಾತ್ರಕ್ಕೆ ಅದು ಈ ಎಂಜಿನ್ನಿನದೇ ಎಂದಲ್ಲ. (ಮೈಸೂರಿನ ಜಾವಾ, ಯೆಜ್ಡಿ ಇಟ್ಟುಕೊಂಡವರು ಇಲ್ಲಿಗೇ ಎದ್ದು ಹೋಗಿ ಕಾಫಿ ಕುಡಿಯಬಹುದು. ಟೂ ಸ್ಟ್ರೋಕಿನಲ್ಲಿ ಕ್ಯಾಮೂ ಇಲ್ಲ, ಈ ಗೋಳೂ ಇಲ್ಲ.)

ಗುರುತು ಹಿಡಿಯಲು ನಾಲ್ಕು ದಾರಿಗಳಿವೆ: ಅಚ್ಚು ಓದುವುದು, ವರ್ನಿಯರ್ ಹಿಡಿಯುವುದು, ಎಂಜಿನ್ನಿನಲ್ಲೇ ಡಿಗ್ರಿ ಚಕ್ರ ಕಟ್ಟಿ ಅಳೆಯುವುದು, ಹೊರಗೆ ಮ್ಯಾಂಡ್ರೆಲ್ (ಉಕ್ಕಿನ ಸರಳು) ಮೇಲೆ ಕೂರಿಸಿ ಅಳೆಯುವುದು ಅಥವಾ ಅಳೆಸುವುದು. ನಾನು ನಾಲ್ಕನ್ನೂ ಮಾಡಿದ್ದೇನೆ, ತಪ್ಪಾದ ಕ್ರಮದಲ್ಲಿ.

ಅಚ್ಚು ಓದುವುದು

ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ.

ಈ ದಾರಿ ನಿಜವಾಗಿ ಫಲ ಕೊಡುವುದು ಇಂಗ್ಲೆಂಡಿನ ಎರಡು ಸಿಲಿಂಡರಿನ ಟ್ವಿನ್‌ಗಳಲ್ಲಿ. ಟ್ರಯಂಫ್‌ನ ಇ 3134 ಎಂಬ ನಂಬರನ್ನು ಆ ಎಂಜಿನ್ ಗೊತ್ತಿದ್ದವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸ್ಪೋರ್ಟ್ಸ್ ಕ್ಯಾಮ್ ಎನ್ನುತ್ತಾರೆ. ಅಲ್ಲೂ ಒಂದು ಬಲೆ ಇದೆ. ಉಬ್ಬಿ ನಿಂತ ನಂಬರು ಕಚ್ಚಾ ತುಂಡು ತಯಾರಾದಾಗಿನದು. ಒಂದೇ ಕಚ್ಚಾ ತುಂಡಿನಿಂದ ಎರಡು ಮೂರು ಬಗೆಯ ಕ್ಯಾಮ್ ಉಜ್ಜಿರಬಹುದು. ಆಮೇಲೆ ಕೈಯಿಂದ ಹೊಡೆದ ತಗ್ಗಿನ ಅಚ್ಚಿಗೆ, ಎಲೆಕ್ಟ್ರಿಕ್ ಪೆನ್ಸಿಲ್‌ನಲ್ಲಿ ಗೀಚಿದ್ದಕ್ಕೆ ಹೆಚ್ಚು ಬೆಲೆ ಕೊಡಿ. ಅದನ್ನೂ ಪೂರ್ತಿ ನಂಬಬೇಡಿ, ಏಕೆಂದರೆ ಮತ್ತೆ ಉಜ್ಜಿದವರು ಹಳೆ ನಂಬರನ್ನು ಅಳಿಸುವುದಿಲ್ಲ.

ಬುಲೆಟ್‌ನಲ್ಲಿ ನನಗೆ ಸಿಕ್ಕಿದ್ದು ಗಿಯರ್ ಹಲ್ಲಿನ ಬಳಿ ಟೈಮಿಂಗ್ ಚುಕ್ಕೆ (ಜೋಡಿಸುವಾಗ ಹಲ್ಲು ಹೊಂದಿಸುವ ಗುರುತು) ಮಾತ್ರ. ಮೂರರಲ್ಲಿ ಒಂದರ ಮೇಲೆ ಚುಕ್ಕೆಯ ಪಕ್ಕದಲ್ಲಿ ಉಳಿಯಿಂದ ಕೆತ್ತಿದ ಸಣ್ಣ ಗೀಟು ಇತ್ತು. ಯಾರೋ ಏನೋ ಮಾಡಿದ್ದಾರೆ ಎಂದು ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ವರ್ನಿಯರ್: ಅರ್ಧ ಸತ್ಯ

ಎಲ್ಲರೂ ಮೊದಲು ಮಾಡುವುದು ಇದನ್ನೇ. ಕ್ಯಾಮಿನ ಮೂಗಿನಿಂದ ಹಿಂಬದಿಗೆ ಒಂದು ಅಳತೆ, ದುಂಡು ಭಾಗದ ಅಡ್ಡಳತೆ ಇನ್ನೊಂದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಲಿಫ್ಟ್, ಅಂದರೆ ಕ್ಯಾಮ್ ಎತ್ತುವ ಎತ್ತರ. ನಾನು ಮಾಡಿದ ತಪ್ಪು ಏನೆಂದರೆ ಮೂಗಿನ ಅಳತೆಯನ್ನಷ್ಟೇ ತೆಗೆದುಕೊಂಡೆ. ಎಂಜಿನ್ನಿನಲ್ಲಿದ್ದ ಕ್ಯಾಮಿನಷ್ಟೇ ಎತ್ತರ ಬಂತು. "ಎರಡೂ ಒಂದೇ" ಎಂದು ಪುಸ್ತಕದಲ್ಲಿ ಬರೆದಿಟ್ಟು, ಕಡಿಮೆ ಸವೆದಂತೆ ಕಂಡ ಡಬ್ಬದ ಕ್ಯಾಮನ್ನೇ ಹಾಕಿದೆ.

ಅದು ಏಕೆ ತಪ್ಪು ಎನ್ನುವುದಕ್ಕೆ ಕಾಲ್ಪನಿಕ ಅಂಕಿಗಳಲ್ಲಿ ಒಂದು ಲೆಕ್ಕ. ಇವು ಬುಲೆಟ್‌ನ ಅಳತೆಗಳಲ್ಲ. ಹೊಸ ಕ್ಯಾಮಿನ ದುಂಡು ಭಾಗ 26.0 ಮಿ.ಮೀ., ಮೂಗಿನೊಂದಿಗೆ 34.0 ಎಂದಿಟ್ಟುಕೊಳ್ಳಿ. ಲಿಫ್ಟ್ 8.0. ಅದೇ ಕ್ಯಾಮ್ ಸವೆದಾಗ ಸವೆಯುವುದು ಮೂಗು. ದುಂಡು 26.0 ಹಾಗೇ ಉಳಿದು ಒಟ್ಟು 33.6 ಆಗುತ್ತದೆ, ಲಿಫ್ಟ್ 7.6. ಸವೆದದ್ದನ್ನು ಕಂಪನಿ ಆಕಾರಕ್ಕೇ ಮತ್ತೆ ಉಜ್ಜಿದರೆ ದುಂಡು 25.2, ಒಟ್ಟು 33.2, ಲಿಫ್ಟ್ ಮತ್ತೆ 8.0. ಮೂಗು ನೋಡಿದವನಿಗೆ ಇದು ಸವೆದದ್ದಕ್ಕಿಂತಲೂ ಸವೆದಂತೆ ಕಾಣುತ್ತದೆ! ಇನ್ನು ರೇಸಿನವನು ಮೂಗನ್ನು ಮುಟ್ಟದೆ ದುಂಡು ಭಾಗವನ್ನಷ್ಟೇ ಇಳಿಸಿದರೆ 25.2ಕ್ಕೆ 33.6, ಅಂದರೆ 8.4 ಲಿಫ್ಟ್. ಮೂಗು ನೋಡಿದವನಿಗೆ ಇದು ಸ್ವಲ್ಪ ಸವೆದ ಕಂಪನಿ ಕ್ಯಾಮ್.

ನನ್ನದು ಈ ಕೊನೆಯ ಜಾತಿ. ಗೊತ್ತಾದದ್ದು ಟ್ಯಾಪೆಟ್ (ಕ್ಯಾಮಿನ ಮೇಲೆ ಕೂತು ಏರಿಳಿಯುವ ತುಂಡು) ಸೆಟ್ ಮಾಡುವಾಗ. ಬುಲೆಟ್‌ನಲ್ಲಿ ಅಡ್ಜಸ್ಟರ್ ಇರುವುದು ಕೆಳಗೆ, ಬ್ಯಾರಲಿನ ಬಲಗಡೆಯ ಸಣ್ಣ ಮುಚ್ಚಳದ ಹಿಂದೆ, ಟ್ಯಾಪೆಟ್ಟಿನ ಚಲನೆಯನ್ನು ಮೇಲಕ್ಕೆ ಮುಟ್ಟಿಸುವ ಪುಶ್ ರಾಡಿನ ಬುಡದಲ್ಲಿ. ಎಗ್ಸಾಸ್ಟ್ ಕಡೆಯದು ಮಾಮೂಲಿನಂತೆ ಕೂತಿತು. ಇಂಟೇಕ್ ಕಡೆಯದನ್ನು ತಿರುಗಿಸುತ್ತಲೇ ಇದ್ದೇನೆ, ಮೇಲಕ್ಕೆ ಬರುತ್ತಲೇ ಇದೆ, ಥ್ರೆಡ್ ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಸಡಿಲ ಹೋಯಿತು. ದುಂಡು ಭಾಗ ಚಿಕ್ಕದಾದಷ್ಟೂ ಟ್ಯಾಪೆಟ್ ಕೆಳಗೆ ಇಳಿಯುತ್ತದೆ, ಆ ಕೊರತೆಯನ್ನು ಅಡ್ಜಸ್ಟರ್ ತುಂಬಬೇಕು. ಥ್ರೆಡ್ ಹೀಗೆ ಹೆಚ್ಚಿಗೆ ಕಂಡಿದ್ದೇ ನನ್ನ ಪುಣ್ಯ.

ವರ್ನಿಯರಿಗೆ ಇನ್ನೊಂದು ಮಿತಿ ಇದೆ. ಹೆಚ್ಚು ಹೊತ್ತು ವಾಲ್ವ್ ತೆರೆದಿಡುವ ಕ್ಯಾಮಿನಲ್ಲಿ ಏರು ದುಂಡು ಭಾಗದ ಅರ್ಧದೊಳಕ್ಕೂ ನುಗ್ಗಿರುತ್ತದೆ. ಮೂಗಿಗೆ ಅಡ್ಡವಾಗಿ ವರ್ನಿಯರ್ ಹಿಡಿದರೆ ನೀವು ಅಳೆಯುತ್ತಿರುವುದು ದುಂಡನ್ನಲ್ಲ, ಏರಿನ ಬುಡವನ್ನು. ದುಂಡು ದೊಡ್ಡದಾಗಿಯೂ ಲಿಫ್ಟ್ ಚಿಕ್ಕದಾಗಿಯೂ ತೋರುತ್ತದೆ. ಕ್ಯಾಮ್ ಎಷ್ಟು "ಬಿಸಿ"ಯೋ (ರೇಸಿನವರ ಭಾಷೆಯಲ್ಲಿ ಭಾರೀ ಕ್ಯಾಮ್ ಎಂದರೆ ಬಿಸಿ ಕ್ಯಾಮ್) ವರ್ನಿಯರ್ ಅಷ್ಟು ಸುಳ್ಳು ಹೇಳುತ್ತದೆ.

ಹಾಗಂತ ಬಿಡಬೇಡಿ. ಎರಡೂ ಅಳತೆ ಬರೆದುಕೊಂಡರೆ, ಮತ್ತೆ ಉಜ್ಜಿದ್ದೋ ಅಲ್ಲವೋ ಎಂಬ ಪ್ರಶ್ನೆಗೆ ಹತ್ತಿರದ ಉತ್ತರ ಇಲ್ಲೇ ಸಿಗುತ್ತದೆ. ಯಾವ ಕ್ಯಾಮ್ ಎಂಬುದು ಮಾತ್ರ ಸಿಗದು. ಎರಡು ಬೇರೆ ಬೇರೆ ಕ್ಯಾಮಿಗೆ ಲಿಫ್ಟ್ ಒಂದೇ ಇರಬಹುದು.

ಎಂಜಿನ್ನಿನಲ್ಲೇ ಡಿಗ್ರಿ ಚಕ್ರ

ನನ್ನ ಮತ ಇದಕ್ಕೇ. ಬೇಕಾದದ್ದು ಒಂದು ಡಯಲ್ ಗೇಜ್, ಮ್ಯಾಗ್ನೆಟ್ ಸ್ಟ್ಯಾಂಡ್, 360 ಡಿಗ್ರಿ ಗೀಟಿರುವ ತಟ್ಟೆ, ತಂತಿಯ ಒಂದು ಮುಳ್ಳು. ಗೇಜು, ಸ್ಟ್ಯಾಂಡು ಎರಡೂ ಸೇರಿ ಒಂದು ಒಳ್ಳೆ ಟಯರಿನ ದುಡ್ಡಿನ ಆಸುಪಾಸು. ತಟ್ಟೆಯನ್ನು ಪ್ರಿಂಟ್ ತೆಗೆಸಿ ಅಲ್ಯೂಮಿನಿಯಂ ತಗಡಿಗೆ ಅಂಟಿಸಿದರೂ ನಡೆಯುತ್ತದೆ, ಆದರೆ ದೊಡ್ಡದಿರಲಿ. ಅಂಗೈ ಅಗಲದ ತಟ್ಟೆಯಲ್ಲಿ ಒಂದು ಡಿಗ್ರಿ ಓದುವುದು ಕಣ್ಣಿಗೆ ಶಿಕ್ಷೆ.

ಹೆಡ್ ತೆಗೆದು, ಬ್ಯಾರಲನ್ನು ಸ್ಟಡ್‌ಗೆ ಪೈಪ್ ತುಂಡು ಹಾಕಿ ಬಿಗಿದುಕೊಳ್ಳಿ. ಎಡಗಡೆ ಪ್ರೈಮರಿ ಕವರ್ ಬಿಚ್ಚಿ ಕ್ರ್ಯಾಂಕಿನ ತುದಿಗೆ ತಟ್ಟೆ. ಪುಶ್ ರಾಡನ್ನು ಅದರ ಕೊಳವೆಯಲ್ಲೇ ಇಳಿಬಿಟ್ಟು, ಅದರ ತಲೆಯ ಮೇಲೆ ಗೇಜಿನ ಮುಳ್ಳು. ಹೀಗೆ ಮಾಡಿದರೆ ರಾಕರಿನ (ಹೆಡ್ಡಿನಲ್ಲಿ ವಾಲ್ವನ್ನು ಒತ್ತುವ ತೋಳಿನ) ಲೆಕ್ಕ ಬೇಡ. ಕ್ಯಾಮ್ ಟ್ಯಾಪೆಟ್ಟನ್ನು ಎಷ್ಟು ಎತ್ತುತ್ತದೋ ಅಷ್ಟೇ ಕಾಣುತ್ತದೆ.

ಮೊದಲು ಟಿಡಿಸಿ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. 90 ಮಿ.ಮೀ. ಸ್ಟ್ರೋಕಿನ ಈ ಎಂಜಿನ್ನಿನಲ್ಲಿ ಟಿಡಿಸಿಯಿಂದ 5 ಡಿಗ್ರಿ ಆಚೆ ಈಚೆ ತಿರುಗಿಸಿದರೆ ಪಿಸ್ಟನ್ ಇಳಿಯುವುದು ಸುಮಾರು 0.2 ಮಿ.ಮೀ. ಮಾತ್ರ. ಪಿಸ್ಟನ್ ಮೇಲೆ ಸ್ಕ್ರೂಡ್ರೈವರ್ ಇಟ್ಟು "ಇಲ್ಲೇ ಮೇಲೆ ಬಂತು" ಎನ್ನುವುದು ಆ ಹತ್ತು ಡಿಗ್ರಿಯೊಳಗಿನ ಅಂದಾಜು. ಅದರ ಬದಲು ಬ್ಯಾರಲಿಗೆ ಅಡ್ಡಲಾಗಿ ಒಂದು ಪಟ್ಟಿ ಬಿಗಿದು, ಮಧ್ಯೆ ಬೋಲ್ಟ್ ಇಳಿಬಿಟ್ಟು ಪಿಸ್ಟನ್ನನ್ನು ಮೇಲೆ ಬರಲು ಬಿಡದೆ ತಡೆಯಿರಿ. ಮುಂದಕ್ಕೆ ತಿರುಗಿಸಿದಾಗ ತಡೆ ಸಿಕ್ಕ ಡಿಗ್ರಿ, ಹಿಂದಕ್ಕೆ ತಿರುಗಿಸಿದಾಗ ಸಿಕ್ಕ ಡಿಗ್ರಿ, ಎರಡರ ನಟ್ಟನಡುವೆ ಟಿಡಿಸಿ. ಪಟ್ಟಿ ತೆಗೆಯುವುದನ್ನು ಮರೆಯಬೇಡಿ.

ಆಮೇಲೆ ಎಂಜಿನ್ ಓಡುವ ದಿಕ್ಕಿನಲ್ಲಿ ಮಾತ್ರ ತಿರುಗಿಸಿ. ದಾಟಿ ಹೋದರೆ ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಇಲ್ಲವಾದರೆ ಹಲ್ಲುಗಳ ಸಡಿಲವೂ ನಿಮ್ಮ ಲೆಕ್ಕದಲ್ಲಿ ಸೇರುತ್ತದೆ.

ಕೊನೆಗೆ ಕೈಗೆ ಬರುವುದು ನಾಲ್ಕು ಅಂಕಿ. ಇಂಟೇಕ್ ಟಿಡಿಸಿಗೆ 30 ಡಿಗ್ರಿ ಮೊದಲೇ ತೆರೆದು, ಬಿಡಿಸಿ (ಪಿಸ್ಟನ್ ಪೂರ್ತಿ ಕೆಳಗಿಳಿದ ಜಾಗ) ದಾಟಿ 60ಕ್ಕೆ ಮುಚ್ಚಿತು ಎಂದುಕೊಳ್ಳಿ. 30, 180, 60 ಕೂಡಿದರೆ 270 ಡಿಗ್ರಿ ತೆರೆದಿತ್ತು. ಅದರ ಅರ್ಧ 135ರಲ್ಲಿ 30 ಕಳೆದರೆ ಮೂಗಿನ ನಡು ಟಿಡಿಸಿ ನಂತರ 105ಕ್ಕೆ. ಎಗ್ಸಾಸ್ಟ್ ಬಿಡಿಸಿಗೆ 75 ಮೊದಲು ತೆರೆದು ಟಿಡಿಸಿ ದಾಟಿ 35ಕ್ಕೆ ಮುಚ್ಚಿದರೆ 290 ಡಿಗ್ರಿ, ನಡು ಟಿಡಿಸಿಗೆ 110 ಮೊದಲು. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವುದು 30 ಮತ್ತು 35 ಕೂಡಿ 65 ಡಿಗ್ರಿ.

ಈ ಅಂಕಿಗಳೆಲ್ಲಕ್ಕೂ ಒಂದೇ ಬೆಲೆಯಲ್ಲ. ಎಷ್ಟು ಡಿಗ್ರಿ ತೆರೆದಿತ್ತು ಮತ್ತು ಎಷ್ಟು ಎತ್ತಿತು, ಇವೆರಡು ಕ್ಯಾಮಿನ ಮೈಯಲ್ಲೇ ಇರುವ ಗುರುತು. ನಡು ಎಲ್ಲಿ ಬಂತು ಎನ್ನುವುದು ಜೋಡಿಸಿದವನ ಕೈಚಳಕ. ಒಂದು ಹಲ್ಲು ತಪ್ಪಿದರೆ ನಡು ಎಷ್ಟು ಸರಿಯುತ್ತದೆ ಎಂದು ತಿಳಿಯಲು ಕ್ಯಾಮ್ ಗಿಯರಿನ ಹಲ್ಲು ಎಣಿಸಿ 720ನ್ನು ಅದರಿಂದ ಭಾಗಿಸಿ. 40 ಹಲ್ಲಿದ್ದರೆ 18 ಡಿಗ್ರಿ. ಅಳತೆಯಲ್ಲಿ ಅವಧಿ ಸರಿಯಿದ್ದು ನಡು ಮಾತ್ರ ಸರಿಯಾಗಿ ಅಷ್ಟೇ ಡಿಗ್ರಿ ಆಚೆ ಬಿದ್ದರೆ ಕ್ಯಾಮ್ ಅಪರಿಚಿತವಲ್ಲ, ನೀವು ಚುಕ್ಕೆ ತಪ್ಪಿಸಿದ್ದೀರಿ. ಬಿಎಸ್‌ಎ, ನಾರ್ಟನ್ ಟ್ವಿನ್‌ಗಳಲ್ಲಿ ನಾಲ್ಕೂ ಉಬ್ಬುಗಳು ಒಂದೇ ಶಾಫ್ಟಿನ ಮೇಲಿರುವುದರಿಂದ ಇಂಟೇಕ್ ಎಗ್ಸಾಸ್ಟ್ ನಡುವಿನ ಕೋನ ಲೋಹದಲ್ಲೇ ಕೆತ್ತಿಟ್ಟದ್ದು, ಅದನ್ನೂ ಗುರುತಾಗಿ ಬಳಸಬಹುದು. ಬುಲೆಟ್‌ನಲ್ಲೂ, ಮುಂದೊಂದು ಹಿಂದೊಂದು ಶಾಫ್ಟ್ ಇರುವ ಟ್ರಯಂಫ್‌ನಲ್ಲೂ ಆ ಭಾಗ್ಯವಿಲ್ಲ.

ನಾನು ಕಂಡ ಜಗಳಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಇನ್ನೊಂದು ಕಡೆ. "ತೆರೆಯಿತು" ಎಂದರೆ ಯಾವಾಗ? ಕ್ಯಾಮಿನ ಏರು ಒಮ್ಮೆಲೇ ಶುರುವಾಗುವುದಿಲ್ಲ. ಸದ್ದು ಬರದಿರಲಿ ಎಂದು ಮೊದಲು ಮೆಲ್ಲನೆಯ ಇಳಿಜಾರು ಇಟ್ಟಿರುತ್ತಾರೆ. ಆ ಇಳಿಜಾರಿನಲ್ಲಿ ಗೇಜಿನ ಮುಳ್ಳು ಹತ್ತಾರು ಡಿಗ್ರಿ ಆಮೆಯಂತೆ ಹೋಗುತ್ತದೆ. ಅದಕ್ಕೇ ಇಂಗ್ಲೆಂಡಿನ ಹಳೆ ಕೈಪಿಡಿಗಳು "ಅಳೆಯುವುದಕ್ಕಾಗಿ ಟ್ಯಾಪೆಟ್ ಇಷ್ಟು ಥೌ ಸಡಿಲ ಇಡಿ" ಎನ್ನುತ್ತವೆ. (ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ.) 650 ಟ್ರಯಂಫ್‌ಗೆ ಅದು 20 ಥೌ, ಅಂದರೆ ಅರ್ಧ ಮಿ.ಮೀ. ಓಡಿಸುವಾಗಿನ ಸಡಿಲವೇ ಬೇರೆ. ಅಮೆರಿಕದ ಕ್ಯಾಮ್ ಉಜ್ಜುವವರು 50 ಥೌ, ಅಂದರೆ 1.27 ಮಿ.ಮೀ. ಎತ್ತಿದ ಮೇಲೆ ಎಣಿಸಲು ಶುರು ಮಾಡುತ್ತಾರೆ. ಒಂದೇ ಕ್ಯಾಮಿಗೆ ಈ ಎರಡು ಲೆಕ್ಕದಲ್ಲಿ ಮೂವತ್ತು ನಲವತ್ತು ಡಿಗ್ರಿ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಯ ಅಂಕಿಗೆ ಹೋಲಿಸಿ "ಇದು ಮೃದು ಕ್ಯಾಮ್" ಎಂದು ಗುಜರಿಗೆ ಹಾಕಿದವರಿದ್ದಾರೆ.

ಇದಕ್ಕೆ ನಾನು ಕಂಡುಕೊಂಡ ಮದ್ದು ಸರಳ. ಪುಸ್ತಕದ ಅಂಕಿಯ ಜೊತೆ ಹೋಲಿಸುವ ಮೊದಲು, ಗೊತ್ತಿರುವ ಒಂದು ಕ್ಯಾಮಿನ ಜೊತೆ ಹೋಲಿಸಿ. ಸ್ನೇಹಿತರ ಬಳಿ ಕಂಪನಿ ಪೊಟ್ಟಣದಿಂದ ತೆಗೆದ ಜೋಡಿ ಇದ್ದರೆ ಒಂದು ಭಾನುವಾರಕ್ಕೆ ಎರವಲು ತನ್ನಿ. ಅದೇ ಎಂಜಿನ್, ಅದೇ ಗೇಜ್, ಅದೇ ಕೈ. ಪ್ರತಿ 10 ಡಿಗ್ರಿಗೆ ಗೇಜ್ ಓದಿ ಬರೆಯಿರಿ, ಆಮೇಲೆ ಅನಾಮಿಕ ಕ್ಯಾಮ್ ಹಾಕಿ ಮತ್ತೆ ಬರೆಯಿರಿ. ಗ್ರಾಫ್ ಹಾಳೆಯಲ್ಲಿ ಎರಡೂ ಗೆರೆ ಎಳೆದರೆ, ಎರಡೂ ಒಂದರ ಮೇಲೊಂದು ಕೂರುತ್ತವೋ ಇಲ್ಲವೋ ಎಂಬುದನ್ನು ಮಗುವೂ ಹೇಳುತ್ತದೆ. ನಿಮ್ಮ ಗೇಜ್ ಸ್ವಲ್ಪ ಓರೆ ಇದ್ದರೂ ಎರಡಕ್ಕೂ ಒಂದೇ ಓರೆ. ಮೂಗು ಮಾತ್ರ ಸವೆದ ಕ್ಯಾಮಿನ ಗೆರೆ ಏರಿಳಿತದಲ್ಲಿ ಕಂಪನಿ ಗೆರೆಯ ಮೇಲೇ ಹೋಗಿ ತುದಿಯಲ್ಲಿ ಚಪ್ಪಟೆಯಾಗುತ್ತದೆ. ಬೇರೆ ಆಕಾರದ ಕ್ಯಾಮ್ ಬುಡದಿಂದಲೇ ದಾರಿ ಬಿಡುತ್ತದೆ.

ಹೊರಗೆ, ಮ್ಯಾಂಡ್ರೆಲ್ ಮೇಲೆ

ಎಂಜಿನ್ ಜೋಡಣೆಯಾಗಿಲ್ಲ, ಡಬ್ಬದಲ್ಲಿ ಐದಾರು ಕ್ಯಾಮ್ ಇವೆ ಎಂದರೆ ಪ್ರತಿಯೊಂದನ್ನೂ ಹಾಕಿ ತೆಗೆಯುವುದು ಬೇಸರ. ಬುಲೆಟ್ ಕ್ಯಾಮ್ ಸ್ಥಿರವಾದ ಸ್ಪಿಂಡಲ್ ಮೇಲೆ ತಿರುಗುವಂಥದ್ದು, ನಡುವೆ ತೂತಿರುತ್ತದೆ. ಆ ಅಳತೆಯ ಉಕ್ಕಿನ ಸರಳು ಲೇತಿನಲ್ಲಿ ಹಿಡಿದು, ಕ್ಯಾಮನ್ನು ಅದಕ್ಕೆ ಏರಿಸಿ, ಡಿಗ್ರಿ ತಟ್ಟೆ ಕಟ್ಟಿದರೆ ಒಂದು ಮಧ್ಯಾಹ್ನದಲ್ಲಿ ಆರೂ ಮುಗಿಯುತ್ತವೆ. ಇಲ್ಲಿ ತಿರುಗುವುದು ಕ್ಯಾಮ್, ಆದ್ದರಿಂದ ಬಂದ ಡಿಗ್ರಿಯನ್ನು ಎರಡರಿಂದ ಗುಣಿಸಿದರೆ ಕ್ರ್ಯಾಂಕಿನ ಡಿಗ್ರಿ.

ಒಂದು ಎಚ್ಚರ. ಗೇಜಿನ ತುದಿ ಗುಂಡಗೆ ಚೂಪಾಗಿರುತ್ತದೆ, ಬುಲೆಟ್‌ನ ಟ್ಯಾಪೆಟ್ ಪಾದ ಚಪ್ಪಟೆ. ಮೂಗಿನಲ್ಲಿ ಎರಡೂ ಒಂದೇ ಎತ್ತರ ತೋರಿಸುತ್ತವೆ, ಇಳಿಜಾರಿನಲ್ಲಿ ತೋರಿಸುವುದಿಲ್ಲ. ಚಪ್ಪಟೆ ಪಾದ ಏರನ್ನು ತನ್ನ ಅಂಚಿನಿಂದ ಮೊದಲೇ ಮುಟ್ಟುತ್ತದೆ, ಚೂಪು ತುದಿ ತಡವಾಗಿ. ಹೀಗಾಗಿ ಚೂಪು ತುದಿಯಲ್ಲಿ ಅಳೆದರೆ ಪ್ರತಿ ಕ್ಯಾಮೂ ನಿಜಕ್ಕಿಂತ ಕಡಿಮೆ ಅವಧಿಯದಾಗಿ ಕಾಣುತ್ತದೆ. ಗೇಜಿಗೆ ಚಪ್ಪಟೆ ಪಾದ ಹಾಕಿ, ಟ್ಯಾಪೆಟ್ ಪಾದದಷ್ಟೇ ಅಗಲದ್ದು.

ಕ್ಯಾಮ್ ಉಜ್ಜುವ ದೊಡ್ಡ ವರ್ಕ್‌ಶಾಪಿಗೆ ಕೊಟ್ಟರೆ ಒಂದೊಂದು ಡಿಗ್ರಿಯ ಪಟ್ಟಿ ಕೈಗೆ ಬರುತ್ತದೆ. ನಿಖರ, ಅನುಮಾನವಿಲ್ಲ. ಆದರೆ ಅವರು ಹೇಳುವುದು ಆಕಾರವನ್ನು, ಹೆಸರನ್ನಲ್ಲ. ಒಂದು ಕಡೆ ನಾನು ಕೊಟ್ಟ ಎರಡು ಕ್ಯಾಮ್ ಮೂರು ತಿಂಗಳ ಮೇಲೆ ವಾಪಸ್ಸು ಬಂದವು, ಪಟ್ಟಿಯಲ್ಲಿ ಯಾವುದು ಯಾವ ಕ್ಯಾಮಿನದು ಎಂದು ಬರೆದಿರಲಿಲ್ಲ. ತಂತಿಯಲ್ಲಿ ಚೀಟಿ ಕಟ್ಟಿ ಕೊಡಿ. ಒಂದೇ ಎಂಜಿನ್ ಕಟ್ಟುವವರಿಗೆ ಈ ಖರ್ಚು ಬೇಡ ಎನ್ನುವುದು ನನ್ನ ಅಭಿಪ್ರಾಯ. ಅಪರೂಪದ ಕ್ಯಾಮನ್ನು ನಕಲು ಮಾಡಿಸುವವರಿಗೆ ಬೇಕೇ ಬೇಕು.

ಗುರುತು ಸಿಕ್ಕಿತು, ಮುಂದೆ?

ಅಳತೆ ಚೆನ್ನಾಗಿ ಬಂದರೂ ಮೇಲ್ಮೈ ಕೆಟ್ಟಿದ್ದರೆ ಹಾಕಬೇಡಿ. ಮೂಗಿನ ಮೇಲೆ ಉಗುರು ಓಡಿಸಿ. ಸಿಕ್ಕಿಕೊಳ್ಳುವ ಗೀರು, ಸಿಡುಬಿನ ಕಲೆಯಂಥ ಗುಳಿ ಇದ್ದರೆ ಮೇಲಿನ ಗಟ್ಟಿ ಪದರ ಹೋಗಿದೆ, ಇನ್ನು ಸವೆತಕ್ಕೆ ಲಗಾಮಿಲ್ಲ. ಟ್ಯಾಪೆಟ್ ಪಾದವನ್ನೂ ತಿರುಗಿಸಿ ನೋಡಿ. ಸವೆದ ಪಾದದ ಮೇಲೆ ಹೊಸ ಕ್ಯಾಮ್ ಹಾಕುವುದು ಮುರುಕು ಚಕ್ಕಡಿಗೆ ಹೊಸ ಎತ್ತು ಕಟ್ಟಿದ ಹಾಗೆ.

ಕಂಪನಿ ಆಕಾರ, ಮೇಲ್ಮೈ ಚೆನ್ನ: ಕಣ್ಣು ಮುಚ್ಚಿ ಹಾಕಿ. ಕಂಪನಿ ಆಕಾರಕ್ಕೆ ಮತ್ತೆ ಉಜ್ಜಿದ್ದು: ಅಡ್ಜಸ್ಟರಿನಲ್ಲಿ ಥ್ರೆಡ್ ಸಾಕಷ್ಟು ಉಳಿಯುವುದಾದರೆ ಹಾಕಬಹುದು, ಆದರೆ ಉಜ್ಜಿದ ಮೇಲೆ ಮತ್ತೆ ಗಟ್ಟಿ ಮಾಡಿಸಿದ್ದಾರೋ ಇಲ್ಲವೋ ತಿಳಿಯಬೇಕು. ಉಬ್ಬಿನ ಓಡದ ಪಕ್ಕದ ಅಂಚಿಗೆ ಸಣ್ಣ ಅರ ತಾಗಿಸಿ. ಜಾರಿದರೆ ಸರಿ, ಕಚ್ಚಿದರೆ ಬೇಡ.

ಬಿಸಿ ಕ್ಯಾಮ್ ಆಗಿದ್ದರೆ ಕೆಲಸ ಹೆಚ್ಚು. ಪಿಸ್ಟನ್ ಮೇಲೆ ಗೋಧಿ ಹಿಟ್ಟಿನ ಕಣಕವನ್ನು ಎಣ್ಣೆ ಸವರಿ ಇಟ್ಟು, ಹೆಡ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ವಾಲ್ವ್ ಒತ್ತಿದ ಜಾಗದಲ್ಲಿ ಬ್ಲೇಡಿನಿಂದ ಕೊಯ್ದು ದಪ್ಪ ನೋಡಿ. ಇಂಟೇಕ್ ಕಡೆ 1.5, ಎಗ್ಸಾಸ್ಟ್ ಕಡೆ 2 ಮಿ.ಮೀ. ಇರಬೇಕು ಎನ್ನುವುದು ರೂಢಿಯ ಲೆಕ್ಕ. ಸ್ಪ್ರಿಂಗಿನ ಸುತ್ತುಗಳು ಪೂರ್ತಿ ಒತ್ತಿದಾಗ ಒಂದಕ್ಕೊಂದು ಅಂಟುತ್ತವೆಯೇ ಎಂದೂ ನೋಡಿ. ಇಷ್ಟೆಲ್ಲ ಮಾಡಿ ಹಾಕಿದರೂ, ಕಡಿಮೆ ಕಂಪ್ರೆಷನ್ನಿನ, ಚಿಕ್ಕ ಕಾರ್ಬುರೇಟರಿನ 350ಕ್ಕೆ ಅದು ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು. ಬುಲೆಟ್‌ನ ಆ ಡಗ್ ಡಗ್ ಐಡ್ಲಿಂಗ್ ಮೊದಲು ಹೋಗುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಬೇಕಾದ ಕೆಳಗಿನ ಎಳೆತ ಆಮೇಲೆ ಹೋಗುತ್ತದೆ.

ನನ್ನ ಡಬ್ಬದ ಲೆಕ್ಕ ಹೀಗೆ ಮುಗಿಯಿತು. ಎರಡು ಕ್ಯಾಮ್ ಕಂಪನಿ ಆಕಾರದವು, ಅದರಲ್ಲಿ ಒಂದಕ್ಕೆ ಮೂಗೇ ಇಲ್ಲ. ಗೀಟು ಕೆತ್ತಿದ್ದ ಮೂರನೆಯದು, ನಾನು ಹಾಕಿ ತೆಗೆದದ್ದು, ಎರವಲು ತಂದ ಜೋಡಿಯ ಪಕ್ಕದಲ್ಲಿ ಗ್ರಾಫಿನಲ್ಲಿ ಬುಡದಿಂದಲೇ ಅಗಲವಾಗಿ ಎದ್ದು ನಿಂತಿತು. ಮಾವ ಹೇಳಿದ ಭಾರೀ ಕ್ಯಾಮ್ ಅದೇ. ಗಾಡಿಗೆ ಹಳೆ ಜೋಡಿಯನ್ನೇ ಹಾಕಿದೆ. ಮಾವ ಸೈಲೆನ್ಸರಿನ ಹಿಂದೆ ನಿಂತು ಒಂದು ನಿಮಿಷ ಕೇಳಿ, "ನೋಡ್ದ್ಯಾ, ರೇಸ್ ಕ್ಯಾಮ್ ಅಂದ್ರೆ ಹಿಂಗಿರ್ಬೇಕು" ಅಂದರು. ನಾನು ಏನೂ ಹೇಳಲಿಲ್ಲ. ಭಾರೀ ಕ್ಯಾಮ್ ಡಬ್ಬದಲ್ಲೇ ಇದೆ, ಗ್ರಾಫ್ ಹಾಳೆಯನ್ನೇ ಮಡಚಿ ಸುತ್ತಿಟ್ಟಿದ್ದೇನೆ.